ಬೀಗಕ್ಕೆರಡು ಹನಿ ಎಣ್ಣೆ

ಅರೆಕಿಪಾ ಊರಿನ ಈ ಕಾಲೇಜಿನಲ್ಲಿ ನನ್ನದು
ಬೀಗ ಕತ್ತರಿಸುವ ಕೆಲಸ, ಸದ್ಯಕ್ಕೆ.
ಎರಡು ವರ್ಷ ಮುಚ್ಚಿದ್ದ ಕಪಾಟುಗಳು,
ಎರಡು ವರ್ಷ ಯಾರೂ ತಿರುಗಿಸದ ನಂಬರುಗಳು.
ಮಕ್ಕಳು ಬರುತ್ತಾರೆ, ಯಾರದೋ ಹೆಸರು
ನಾಲಿಗೆ ತುದಿಯಲ್ಲಿ ಸಿಕ್ಕಿಕೊಂಡವರಂತೆ ನಿಂತು
ಬೆರಳಾಡಿಸಿ, ಸೋತು, ನನ್ನ ಕಡೆ ನೋಡುತ್ತಾರೆ.
"ಕತ್ತರಿಸಿಬಿಡಿ, ದೋನ್ ಎವರಿಸ್ತೊ."

ಕಟಕ್.

ಒಳಗೆ ಏನೇನಿತ್ತು ಅಂತ ಕೇಳಿ:
ಒಣಗಿ ಹಗುರಾದ ಒಂದು ಕಿತ್ತಳೆ, ಅಲುಗಿಸಿದರೆ ಗಿಲಕಿ.
ಭುಜಕ್ಕೆ ಸಾಲದ ಬಿಳಿ ಕೋಟು.
ಸೋಮವಾರ ಒಪ್ಪಿಸಬೇಕಿದ್ದ ಪ್ರಬಂಧ,
ಯಾವ ಸೋಮವಾರವೋ.
ವಿಲ್ಬರ್ ಚೋಕೆ ತನ್ನ ಹಳೇ ಬೂಟು ಹಾಕಿ ನೋಡಿ ನಕ್ಕ;
ನಗುತ್ತ ನಗುತ್ತ ಮೆಟ್ಟಿಲ ಮೇಲೆ ಕೂತವನು
ಮೂರು ಕ್ಲಾಸು ಮುಗಿದರೂ ಏಳಲಿಲ್ಲ.
ನಾನೇನು ಮಾಡಲಿ? ಪಕ್ಕದಲ್ಲೇ ಕಸ ಗುಡಿಸಿದೆ,
ಗುಡಿಸಿದ ಜಾಗವನ್ನೇ ಗುಡಿಸಿದೆ.

ಮೂರನೇ ಮಹಡಿಯಲ್ಲಿ ಮನಸ್ಸಿನ ಡಾಕ್ಟರಮ್ಮ ಇದ್ದಾರೆ.
ಬಾಗಿಲಿಗೊಂದು ಹಾಳೆ, ದಾರ ಕಟ್ಟಿದ ಪೆನ್ನು.
ಬರೆದ ಹೆಸರಿಗಿಂತ
ಬರೆದು ಹೊಡೆದುಹಾಕಿದ ಗೆರೆಗಳೇ ಹೆಚ್ಚು.

ಇನ್ನೂರ ಹದಿನೇಳರ ಹುಡುಗಿ ಬೇರೆ.
ನಾಯ್ಡಾ. ನಂಬರು ಮರೆತವಳಲ್ಲ.
"ಅಜ್ಜಿ ಹುಟ್ಟಿದ ವರ್ಷ," ಅಂದಳು,
"ಒಳಗಿರೋದು ಅವಳು ಕಟ್ಟಿಕೊಟ್ಟ ಬುತ್ತಿ ಡಬ್ಬಿ. ತೊಳೆದಿರಲಿಲ್ಲ."
ಆಮ್ಲಜನಕದ ಸಿಲಿಂಡರಿಗೆ ಅಪ್ಪನ ಜೊತೆ
ಎರಡು ರಾತ್ರಿ ಸಾಲಿನಲ್ಲಿ ನಿಂತದ್ದು ಹೇಳಿದಳು,
ಮೂರನೇ ದಿನದ ಬಗ್ಗೆ ಹೇಳಲಿಲ್ಲ.
ಕತ್ತರಿ ಎತ್ತಿದೆ. "ಇವತ್ತು ಬೇಡ."

ದಿನಾ ಬರುತ್ತಾಳೆ. ಆ ಕಪಾಟಿಗೇ ಬೆನ್ನು ಕೊಟ್ಟು ಕೂತು
ಹುರಿದ ಜೋಳ ತಿನ್ನುತ್ತಾಳೆ, ನನಗೊಂದು ಹಿಡಿ.
ಕಿಟಕಿಯಲ್ಲಿ ಮಿಸ್ತಿ, ನಮ್ಮ ಬೆಂಕಿಬೆಟ್ಟ.
ಸುಮ್ಮನಿದೆಯೆಂದು ಈ ಊರಲ್ಲಿ ಯಾರೂ
ಅದನ್ನು ಆರಾಮಾಗಿದೆ ಅನ್ನುವುದಿಲ್ಲ.
ಪ್ರಿನ್ಸಿಪಾಲರು ಮಾತ್ರ ಭಾಷಣದ ದಿನ
ಈ ಮಕ್ಕಳನ್ನು ಗಟ್ಟಿಗರು, ಗಟ್ಟಿಗರು ಎಂದು
ಏಳು ಸಲ ಕರೆದರು. ನಾನು ಎಣಿಸಿದೆ.

ಜೂನಿನೊಳಗೆ ಎಲ್ಲ ಬೀಗ ತೆರವಾಗಬೇಕಂತೆ, ಆದೇಶ.
ಪಟ್ಟಿಯಲ್ಲಿ ಇನ್ನೂರ ಹದಿನೇಳರ ಮುಂದೆ
'ತುಕ್ಕು ಹಿಡಿದಿದೆ, ಕತ್ತರಿ ಕೂರುತ್ತಿಲ್ಲ' ಎಂದು ಬರೆದೆ.
ಸುಳ್ಳು.
ತುಕ್ಕು ಹಿಡಿಯಬಾರದೆಂದೇ ಸಂಜೆ ಎಲ್ಲ ಹೋದ ಮೇಲೆ
ಹೊಲಿಗೆ ಯಂತ್ರದ ಎಣ್ಣೆ, ಎರಡು ಹನಿ.

ನಿನ್ನೆ ಬೆರಳು ಮೂಸಿ ಕೇಳಿದಳು, "ಇದೇನು ವಾಸನೆ?"
ನಾನು ಬಕೆಟ್ ಎತ್ತಿಕೊಂಡು ಹೊರಟೆ.
ಬೆರಳು ಮೂಸಿದಳೆಂದರೆ
ಮುಟ್ಟಿದ್ದಾಳೆ.