ಮಾದರಿ ಇಪ್ಪತ್ಮೂರು

ಕೂಡ್ಲೂರು ಕೈಗಾರಿಕಾ ಬಡಾವಣೆ, ಮೂರನೇ ಅಡ್ಡರಸ್ತೆ.
ಎಡಕ್ಕೆ ಕಾಫಿ ಗೋದಾಮು, ಬಲಕ್ಕೆ ನಮ್ಮ ಕಂಪನಿ.
ಎಡಗಡೆಯಿಂದ ಗಾಳಿ ಬಂದರೆ ಹುರಿಯದ ಬೀಜದ ಹಸಿವಾಸನೆ,
ಬಲಗಡೆಯಿಂದ ಬಂದರೆ
ಯಾರೋ ಬಕೆಟ್ಟಿಗೆ ಬೆಂಕಿ ಇಟ್ಟ ಹಾಗೆ.
ಎಂಟು ವಾರ. ತಿಂಗಳಿಗೆ ಆರು ಸಾವಿರ.
ಒಂದು ಬಿಳಿ ಕೋಟು, ಅದರ ಜೇಬಿನಲ್ಲಿ
ನನಗಿಂತ ಮುಂಚೆ ಬಂದವರಾರೋ ಬಿಟ್ಟ ಏಲಕ್ಕಿ ಸಿಪ್ಪೆ.

"ಇಲ್ಲಿ ಪ್ಲಾಸ್ಟಿಕ್ ಅನ್ನಬೇಡ ಬೋಜಮ್ಮ,
ಹೆಸರು ಹಿಡಿದು ಕರಿ," ಅಂದರು ನಫೀಸಾ ಮೇಡಂ.
ಹೆಸರು ಗೊತ್ತಾಗುವುದು ಕರಗುವಾಗ.
ಐದು ಮಿಲಿಗ್ರಾಂ ಕತ್ತರಿಸು,
ಉಗುರಿನಷ್ಟಗಲದ ತಟ್ಟೆಗೆ ಹಾಕು, ಮುಚ್ಚಳ ಒತ್ತು,
ನಿಮಿಷಕ್ಕೆ ಹತ್ತು ಡಿಗ್ರಿ ಏರಿಸುತ್ತ ಕೂತಿರು.
ಪರದೆಯ ಗೆರೆ ಎಲ್ಲಿ ಕುಸಿಯುತ್ತದೋ
ಅದೇ ಅದರ ಹೆಸರು.

ಶೆಡ್ಡಿನಲ್ಲಿ ತಂಗಮಣಿಗೆ ಇಷ್ಟೆಲ್ಲ ಬೇಡ.
ಕಿವಿಯ ಹತ್ತಿರ ಹಿಡಿದು ಹಿಸುಕುತ್ತಾಳೆ:
ಹಾಲಿನ ಕವರು ಮುಲುಗುತ್ತದೆ,
ಚಿಪ್ಸ್ ಪ್ಯಾಕೆಟ್ಟು ಕಿರುಚುತ್ತದೆ,
ಸಸಿಮಡಿಯ ಕಪ್ಪು ಚೀಲಕ್ಕೆ ಮಾತೇ ಇಲ್ಲ.
ಅವಳು ಹಾಕಿದ ರಾಶಿಯಿಂದ ಇಪ್ಪತ್ತೆರಡು ತುಂಡು ಒಯ್ದೆ.
ಇಪ್ಪತ್ತೊಂದು ಸರಿ.
ತಪ್ಪಿದ್ದು ಒಂದೇ. ಅದೂ ಆಮೇಲೆ ನೋಡಿದರೆ
ನಾನು ಚೀಟಿ ಅದಲುಬದಲು ಅಂಟಿಸಿದ್ದೆ.

ಐದನೇ ವಾರ, ಸೋಮವಾರ,
ದಿನಪತ್ರಿಕೆಯಲ್ಲಿ ಸುತ್ತಿ ಏನೋ ತಂದಳು.
ಲೈನ್‌ಮನೆಯ ಹಿಂದೆ ರಾತ್ರಿ ಹಲಸಿಗೆ ಬಂದಿದ್ದವಂತೆ, ಮೂರು.
ಲದ್ದಿಯ ನಡುವೆ, ಹಲಸಿನ ಬೀಜದ ಪಕ್ಕ,
ಮಡಚಿಕೊಂಡಿದ್ದ ಹಾಲಿನ ಕವರು.
"ಇದನ್ನೂ ಕರಗಿಸು ನೋಡುವ."

ತೊಳೆದೆ. ಮೂರು ಸಲ ತೊಳೆದೆ.
ಬೀಕರಿನ ನೀರಿಗೆ ಬಿಟ್ಟೆ, ತೇಲಿತು.
ಮುದ್ರಿಸಿದ ಹಸುವಿನ ಒಂದು ಕೊಂಬು ಹೋಗಿತ್ತು, ಅಷ್ಟೆ.
ಹೋಲಿಕೆಗೆ ಬೇಕಲ್ಲ,
ಕ್ಯಾಂಟೀನಿನಿಂದ ಅವತ್ತಿನದೇ ಹೊಸ ಕವರು ತಂದೆ.

ಹೊಸತು: ನೂರಾ ಹತ್ತು ದಶಮಾಂಶ ಆರು.
ಆನೆಯದು: ನೂರಾ ಹತ್ತು ದಶಮಾಂಶ ನಾಲ್ಕು.

ಬಿದಿರು ಮುರಿಯುವ ದವಡೆ,
ಬೈನೆ ಮರದ ತಿರುಳನ್ನು ಹೂಸಿ ಮಾಡುವ ಹಲ್ಲು,
ಎಷ್ಟು ಮಾರು ಕರುಳೋ, ಎಷ್ಟು ಹೊತ್ತಿನ ಕತ್ತಲೆಯೋ,
ಎಲ್ಲ ದಾಟಿ ಬಂದದ್ದಕ್ಕೆ
ದಶಮಾಂಶ ಎರಡು.

ಮೇಡಂ ಕನ್ನಡಕ ಹಣೆಗೇರಿಸಿ ನೋಡಿದರು.
"ಯಂತ್ರದ ತಪ್ಪೇ ಅರ್ಧ ಡಿಗ್ರಿ ಇರುತ್ತೆ.
ಅಂದರೆ ಏನೂ ಆಗಿಲ್ಲ."
ಹೇಳಿ ಸ್ವಲ್ಪ ಹೊತ್ತು ಅಲ್ಲೇ ನಿಂತರು.

ಮ್ಯಾನೇಜರು ಉತ್ತಯ್ಯ ಒಳ್ಳೆಯವರೇ.
"ಇದು ನಮ್ಮ ಕಚ್ಚಾವಸ್ತುವಲ್ಲಮ್ಮ, ಇದಕ್ಕೆ ಸಪ್ಲೈ ಎಲ್ಲಿದೆ?
ಪಟ್ಟಿಯಿಂದ ತೆಗಿ."
ತೆಗೆದೆ. ಆದರೆ ಸಂಖ್ಯೆ ಬದಲಿಸಲಿಲ್ಲ.
ವರದಿಯಲ್ಲಿ ಇಪ್ಪತ್ತೆರಡಾದ ಮೇಲೆ ಇಪ್ಪತ್ನಾಲ್ಕು.
ಕೊನೆಯ ದಿನ ಏಳು ಮಂದಿ ಕೂತು ಕೇಳಿದರು,
ಇಳುವರಿ ಕೇಳಿದರು, ಕಿಲೋಗೆ ಖರ್ಚು ಕೇಳಿದರು,
ಚಹಾ ಬಂತು.
ತಂಗಮಣಿಯ ಕಿವಿಗೆ ವಿಧಾನದ ಅಧ್ಯಾಯದಲ್ಲಿ
ಒಂದು ಸಾಲು ಕೊಟ್ಟಿದ್ದೆ: "ಪೂರ್ವಭಾವಿ ವಿಂಗಡಣೆ, ಕೈಯಿಂದ."
ಕಿವಿಯಿಂದ ಅಂತ ಬರೆಯಲು
ಧೈರ್ಯ ಸಾಲಲಿಲ್ಲ.

ಸಂಜೆ ಮಡಿಕೇರಿ ಬಸ್ಸು.
ಆನೆಕಾಡಿನಲ್ಲಿ ಡ್ರೈವರು ಎಂಜಿನ್ ಆರಿಸಿದ.
ರಸ್ತೆಯ ಮೇಲೆ ಒಂದು ದೊಡ್ಡದು, ಅದರ ಹೊಟ್ಟೆಯಡಿ ಒಂದು ಚಿಕ್ಕದು,
ಯಾವ ಅವಸರವೂ ಇಲ್ಲದೆ.
ಬಸ್ಸಿಗೆ ಬಸ್ಸೇ ಉಸಿರು ಹಿಡಿದಿದ್ದಾಗ
ಹಿಂದಿನ ಸೀಟಿನಲ್ಲಿ ಯಾರದೋ ಮಗು
ಏನೋ ಬಿಚ್ಚಿತು.

ಕಿರುಚಿತು.
ತಿರುಗಿ ನೋಡಲಿಲ್ಲ ನಾನು.
ಪಾಲಿಪ್ರೊಪಿಲೀನ್. ನೂರಾ ಅರವತ್ತೈದು.
ದೊಡ್ಡದರ ಕಿವಿಯೂ
ಇತ್ತ ಹೊರಳಿತು.