ಬಾಣಂತಿ ಕೋಣೆ

ಮನೆ ಕಟ್ಟಿ ನೋಡು ಅಂತಾರಲ್ಲ,
ನಾವೂ ಕಟ್ಟಿದೆವು ಈ ಜನವರಿಯಲ್ಲಿ
ಹೆಪ್ಪುಗಟ್ಟಿದ ಸೈಮಾ ಸರೋವರದ ಮೇಲೆ, ಸಲಿಕೆ ಹಿಡಿದು.
ಬಾಗಿಲಿಲ್ಲ, ಕಿಟಕಿಯಿಲ್ಲ,
ಒಳಗೆ ಒಂದಂಗುಲ ಟೊಳ್ಳೂ ಇಲ್ಲ.
ಟೊಳ್ಳು ಮಾಡಿಕೊಳ್ಳುವುದು ಅವಳ ಕೆಲಸ.
ಕೆಳಗಿನಿಂದ ಬರುತ್ತಾಳೆ ತುಂಬು ಬಸುರಿ,
ಉಗುರಲ್ಲಿ ಮಂಜುಗಡ್ಡೆ ಕೆರೆದು ಕೆರೆದು.
ಬಂದರೆ.

ಕಡಲು ಹಿಂದೆ ಸರಿದಾಗ
ಜೊತೆಗೆ ಹೋಗದೆ ಈ ಸಿಹಿನೀರಲ್ಲೇ ಉಳಿದ ಸೀಲ್ ಕುಲ ಅವಳದು.
ನಾವು ನೊರ್ಪಾ ಅನ್ನುತ್ತೇವೆ.
ಬೂದು ಮೈತುಂಬ ಉಂಗುರ,
ಹಸಿ ಹಿಟ್ಟಿಗೆ ಯಾರೋ ಬಳೆ ಒತ್ತಿ ತೆಗೆದ ಹಾಗೆ;
ಒಬ್ಬಳ ಗುರುತು ಇನ್ನೊಬ್ಬಳಿಗಿಲ್ಲ.
ಭೂಮಿಯ ಮೇಲೆ ಎಷ್ಟಿದ್ದಾರೆ ಅಂದರೆ
ಒಂದು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮುಗಿದುಹೋಗುತ್ತಾರೆ.

ಹಿಮ ಈಗ ಮೊದಲಿನ ಹಾಗಿಲ್ಲ.
ಮೊಣಕಾಲು ಹೂತುಹೋಗುತ್ತಿದ್ದ ದಡದಲ್ಲಿ
ಈ ಸಲ ಬೂಟಿನ ದಾರವೂ ನೆನೆಯಲಿಲ್ಲ.
ಗಾಳಿ ಪೇರಿಸಬೇಕಾದ್ದನ್ನು
ಹನ್ನೊಂದು ಜನ ಪೇರಿಸಿದೆವು:
ಸ್ಕೂಲ್ ಬಸ್ ಓಡಿಸುವ ನಾನು,
ಹಲ್ಲಿನ ಡಾಕ್ಟರು, ಅವಳ ಮಾತಾಡದ ಮಗ,
ಅಳತೆ ಟೇಪಿನ ಪಿಲ್ವಿ,
ಇನ್ನೂ ಯಾರ್ಯಾರೋ,
ಮತ್ತೆ, ಯಾರೂ ಕರೆಯದೆ ಬಂದ ಉರ್ಹೋ.

ಉದ್ದ ಎಂಟು ಮೀಟರ್, ಎತ್ತರ ಎದೆಮಟ್ಟ,
ಬಡಿಯಬೇಡಿ, ತಾನೇ ಬಿಗಿಯಲಿ, ಅಂದಳು ಪಿಲ್ವಿ.
ಕಾಫಿ, ಹರಟೆ ಎಲ್ಲ ಆಚೆ ದಡದಲ್ಲಿ.

ಈ ಉರ್ಹೋನೇ ಅಲ್ಲವಾ
ವಸಂತದಲ್ಲಿ ಬಲೆ ಹಾಕಬಾರದು ಅಂದಾಗ
ಪುರಭವನದ ಮೇಜು ಗುದ್ದಿದವನು?
ಸೀಲಿಗೇನು ಓಟಿದೆಯಾ, ಅಂತ ಕೇಳಿದವನು?
ಅವತ್ತು ನಾನೂ ಚಪ್ಪಾಳೆ ತಟ್ಟಿದ್ದೆ.
ಅದನ್ನು ಇಲ್ಲಿ ಬಿಟ್ಟರೆ ಬೇರೆಲ್ಲೂ ಹೇಳಿಲ್ಲ.

ಆಚೆ ದಡದಲ್ಲಿ ಕೈಗವಸು ಬಿಚ್ಚಿ
ಲೋಟಕ್ಕೆ ಹೇಳುವವನ ಹಾಗೆ ಹೇಳಿದ:
ಮೇ ತಿಂಗಳು. ಬಲೆ ಭಾರ ಇತ್ತು.
ದೊಡ್ಡ ಮೀನು ಅಂದುಕೊಂಡೆ.
ಮರಿ.
ಹಾಲು ಬಿಟ್ಟು ಎರಡು ವಾರವೂ ಆಗಿರಲಿಕ್ಕಿಲ್ಲ,
ಕಣ್ಣು ತೆರೆದೇ ಇತ್ತು.
ಯಾರಿಗೂ ಹೇಳದೆ ಕಲ್ಲು ಕಟ್ಟಿ ಮುಳುಗಿಸಿದೆ.
ಅದಲ್ಲ ನನಗೆ,
ಎಳೆಯುವಾಗ ಖುಷಿಯಾಗಿತ್ತಲ್ಲ,
ಆ ಖುಷಿ...

ಹೋಗಲಿ ಬಿಡು ಅಂತ ಯಾರೂ ಅನ್ನಲಿಲ್ಲ.
ಡಾಕ್ಟರು ಇನ್ನಷ್ಟು ಕಾಫಿ ಸುರಿದಳು.
ಹುಡುಗ ಎದ್ದುಹೋಗಿ
ಉರ್ಹೋನ ಸಲಿಕೆಗೆ ಮೆತ್ತಿದ್ದ ಮಂಜು ಕೆರೆದಿಟ್ಟ.

ಫೆಬ್ರವರಿಯಿಡೀ ಹತ್ತಿರ ಸುಳಿಯಲಿಲ್ಲ.
ಬಾಣಂತಿಯಿರುವ ಮನೆ ಇರಬಹುದು
ಎಂಬ ಅನುಮಾನವೊಂದೇ ಸಾಕಲ್ಲ
ದನಿ ತಗ್ಗಿಸಲಿಕ್ಕೆ.
ದಡದ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಒತ್ತಲಿಲ್ಲ ನಾನು.
ಅವಳಿಗೆ ಕೇಳಿಸುತ್ತಿತ್ತೋ ಇಲ್ಲವೋ.

ಏಪ್ರಿಲ್ ನಡುವಿಗೆ ಛಾವಣಿಗಳು ಕುಸಿದವು.
ಮೊದಲನೆಯದು ಖಾಲಿ. ಎರಡನೆಯದರ ಹತ್ತಿರ
ನರಿಯ ಹೆಜ್ಜೆ, ಅಷ್ಟೆ.
ಮೂರು ನಾಲ್ಕು ಐದೂ ಖಾಲಿ.
ಸಾಲಿನ ತುದಿಯದು, ಸ್ವಲ್ಪ ಸೊಟ್ಟಗಿದ್ದದ್ದು,
ಅದರೊಳಗೆ ಕಪ್ಪು ನೀರಿನ ಬಾವಿಕಣ್ಣು,
ಪಕ್ಕದಲ್ಲಿ ಹೊಗೆಬಣ್ಣದ ಎಳೆಗೂದಲು,
ಒಂದು ತಗ್ಗು: ಮೈಶಾಖಕ್ಕೆ ಕರಗಿ
ಮತ್ತೆ ಹೆಪ್ಪುಗಟ್ಟಿ ನುಣುಪಾದ ಮಗ್ಗುಲಿನ ಅಚ್ಚು.
ಅದರೊಳಗೆ ಇನ್ನೊಂದು, ಚಿಕ್ಕದು.

ಇದು ಯಾರು ಕಟ್ಟಿದ್ದು, ಕೇಳಿದ ಉರ್ಹೋ.
ಯಾರಿಗೂ ನೆನಪಿರಲಿಲ್ಲ.
ಮಂಡಿಯೂರಿ, ಕೈಗವಸು ಕಳಚಿ,
ಬರಿಯ ಅಂಗೈಯನ್ನು ಚಿಕ್ಕ ತಗ್ಗಿನಲ್ಲಿಟ್ಟ.
ಎಷ್ಟೋ ಹೊತ್ತು.

ಕೈ ತೆಗಿ ಮಾರಾಯ, ಅಂದಳು ಪಿಲ್ವಿ
ಟೇಪು ಬಿಚ್ಚುತ್ತ,
ಅಳೀಬೇಕು.