ಐದರ ಪಕ್ಕ ಏಳು

ಜೂನ್ ಒಂದಕ್ಕೆ ಬೋಟುಗಳೆಲ್ಲ ದಕ್ಕೆಗೆ ಬಂದು
ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಮಲಗುತ್ತವೆ.
ಎರಡು ತಿಂಗಳು ಕಡಲಿಗೆ ರಜೆ, ನನ್ನ ಕೈಗೂ.
ಅಂಥ ಮೂರು ರಜೆಗಳನ್ನು ನಾನು
ಬೋಳಾರದ ಮುಚ್ಚಿದ ಹಂಚಿನ ಕಾರ್ಖಾನೆಯ
ಒಣಗಿಸುವ ಶೆಡ್ಡಿನಲ್ಲಿ ಕಳೆದೆ,
ಸೆವ್ರಿನ್ ಟೀಚರ ಡಾಡ್ಜ್ ಕಾರಿನ ಅಡಿಯಲ್ಲಿ.

ಅರವತ್ತೊಂಬತ್ತರ ಮಾಡೆಲು. ಎಂಟು ಸಿಲಿಂಡರು.
ಯಾವನೋ ಬಹರೈನಿನಿಂದ ಹಡಗಲ್ಲಿ ತಂದು
ಅದರ ಬಾಯಾರಿಕೆಗೆ ಹೆದರಿ
ಬಂದರಿನ ಗುಜರಿಯಲ್ಲಿ ಬಿಟ್ಟುಹೋದದ್ದು.
ಟೀಚರು ನಿವೃತ್ತಿಯ ಹಣದಲ್ಲಿ ಅದನ್ನು ಕೊಂಡಾಗ
ಇಗರ್ಜಿಯ ಅಂಗಳದಲ್ಲಿ ಎರಡು ಆದಿತ್ಯವಾರ ಅದೇ ಮಾತು.
"ಚಿನ್ನ ಕೊಂಡಿದ್ದರೆ ಲಾಕರಿನಲ್ಲಿ ಇಡಬೇಕಿತ್ತು," ಅಂದರು ನನ್ನ ಹತ್ತಿರ,
"ಇದನ್ನು ಬಿಚ್ಚಬಹುದು."

ಬಿಚ್ಚಿದೆವು.
ಏಳನೇ ಕ್ಲಾಸಿನ ಲೆಕ್ಕದಲ್ಲಿ ನನಗೆ ಹನ್ನೊಂದು ಮಾರ್ಕು ಕೊಟ್ಟ ಕೈ
ಈಗ ಸ್ಪ್ಯಾನರ್ ನೀಡುತ್ತಿತ್ತು:
ಅರ್ಧ ಇಂಚು, ಒಂಬತ್ತು ಬೈ ಹದಿನಾರು.
ತಪ್ಪಿಸಿಕೊಂಡೆ ಅಂದುಕೊಂಡಿದ್ದ ಭಿನ್ನರಾಶಿ
ಮೂವತ್ತು ವರ್ಷ ಬಿಟ್ಟು ಬಂದು ಕಾಲರ್ ಹಿಡಿಯಿತು.

ಉಪ್ಪುಗಾಳಿ ತಿಂದದ್ದು ತಿಂದೇ ಇತ್ತು.
ಕಾಲಿಡುವ ತಗಡಿಗೆ ಬೆರಳು ತಾಗಿಸಿದರೆ
ಹಪ್ಪಳದ ಹಾಗೆ ಮುರಿದು, ಕೆಳಗಿನ ನೆಲವೇ ಸಿಗುತ್ತಿತ್ತು.
ಕತ್ತರಿಸಿ, ಹೊಸ ತಗಡು ಬೆಸೆದು,
ಬಾಗಿಲುಗಳ ಹೊಟ್ಟೆಯೊಳಗೆ ಬೂತಾಯಿ ಎಣ್ಣೆ ಹೊಯ್ದೆ.
ಬೋಟಿಗೆ ಮಾಡುವುದೇ. ಇದು ಕಾರು ಅಂತ ತುಕ್ಕಿಗೇನು ಗೊತ್ತು?
ಬೋಳಾರದ ಬೆಕ್ಕುಗಳಿಗೆ ಗೊತ್ತಾಯಿತು.
ಹದಿನಾಲ್ಕು. ಟೀಚರು ಎಣಿಸಿದ್ದರು.
ಬಾನೆಟ್ಟಿನ ಮೇಲೆ, ಟೈರಿನ ಸಂದಿಯಲ್ಲಿ,
ಬಾಗಿಲು ನೆಕ್ಕುತ್ತ, ಒಳಗಿನ ಮೀನು
ಒಂದಲ್ಲ ಒಂದು ದಿನ ಹೊರಗೆ ಬಂದೀತೆಂದು ಕಾಯುತ್ತ.

ಕಾರ್ಬುರೇಟರಿನ ಸಣ್ಣ ತೂತಿಗೆ ತಂಗೂಸಿ ದಾರ ತೂರಿಸಿದೆ;
ತಂತಿ ಹಾಕಿದರೆ ಹಿತ್ತಾಳೆ ಗೀರುತ್ತದೆ.
ಮೂರನೆಯ ಜುಲೈಯಲ್ಲಿ ಸ್ಟಾರ್ಟ್ ಆಯಿತು.
ಆದರೆ ಕುಂಟು.
ಡೀಸೆಲಿಗೆ ಕಿಡಿ ಬೇಡ, ಒತ್ತಿದರೆ ತಾನೇ ಉರಿಯುತ್ತದೆ, ಅಷ್ಟು ನನಗೆ ಬರುತ್ತದೆ.
ಇದು ಹಾಗಲ್ಲ, ಪ್ರತಿಯೊಂದಕ್ಕೂ
ಅದರದರ ಸರದಿಯಲ್ಲಿ ಬೆಂಕಿ ಮುಟ್ಟಿಸಬೇಕು.
ಟೀಚರು ಗೋಡೆಗೆ ಸೀಮೆಸುಣ್ಣದಲ್ಲಿ ಬರೆದರು,
ಬಾಯಿಪಾಠ ಮಾಡಿಸಿದರು:

ಒಂದು ಎಂಟು ನಾಲ್ಕು ಮೂರು
ಆರು ಐದು ಏಳು ಎರಡು

ಇಂಜಿನ್ನು ಒಪ್ಪಿಸಿದ್ದು ಹೀಗೆ:

ಒಂದು ಎಂಟು ನಾಲ್ಕು ಮೂರು
ಆರು ಐದು, ಒಂದು ಕೆಮ್ಮು, ಎರಡು

ಪ್ಲಗ್ಗು ಹೊಸತು. ವಯರು ಹೊಸತು. ಒಂಬತ್ತು ದಿನ ಹುಡುಕಿದೆ.
ಹತ್ತನೆಯ ರಾತ್ರಿ ಕರೆಂಟು ಹೋಯಿತು.
ಓಡುತ್ತಲೇ ಇದ್ದ ಇಂಜಿನ್ನಿನ ಮೇಲೆ ಆಗ ಕಂಡಿತು,
ಐದರ ವಯರಿನಿಂದ ಏಳರ ವಯರಿಗೆ ಹಾರುವ
ನೀಲಿ ಬೆಂಕಿ, ಮಿಂಚುಹುಳದಷ್ಟು.
ಚೆಂದ ಕಾಣಲಿ ಎಂದು ನಾನೇ
ಎರಡನ್ನೂ ಒಟ್ಟಿಗೆ ಕಟ್ಟಿ ಮಲಗಿಸಿದ್ದೆ.
ಐದರ ಸರದಿಯಲ್ಲೇ ಅವಸರಪಟ್ಟು ಏಳೂ ಉರಿಯುತ್ತಿತ್ತು.

"ನೀನೂ ಆ ಪುತ್ರನ್ ಹುಡುಗನೂ ಒಂದೇ ಬೆಂಚು," ಕತ್ತಲಲ್ಲಿ ಟೀಚರ ಸ್ವರ.
"ಅವನ ತಪ್ಪು ಉತ್ತರ ನಿನ್ನ ಪೇಪರಿನಲ್ಲಿ."

ಬೆರಳಗಲ ಜಾಗ ಬಿಟ್ಟು ಬೇರೆ ಮಾಡಿದೆ.
ಮಾಡಿನಿಂದ ಹಳೆಯ ಹಂಚಿನ ಕೆಂಪು ಧೂಳು ಉದುರಿತು.
ಹದಿನಾಲ್ಕು ಬೆಕ್ಕೂ ಮಾಯ.

ಜುಲೈ ಮೂವತ್ತೊಂದು, ಸಂಜೆ.
ಸ್ಟಿಯರಿಂಗು ಎಡಗಡೆ, ಅಲ್ಲಿ ಟೀಚರು,
ಮಡಿಲಲ್ಲಿ ಅದೇ ಶಾಲೆಯ ಕೈಚೀಲ.
ನಾನು ಬಲಗಡೆ, ಖಾಲಿ ಕೈಯಲ್ಲಿ.
ದಕ್ಕೆಗೆ ಹೋಗಿ ಬರಲು ಒಂದು ಲೀಟರು.
ಬೋಟಿಗೆ ಐಸು ತುಂಬುತ್ತಿದ್ದವರು ನಿಂತು ನೋಡಿದರು;
ಓಡಿಸುತ್ತಿರುವುದು ನಾನೇ ಎಂದುಕೊಂಡು ಒಬ್ಬ
"ಮೆಲ್ಲ ಬಿಡು ಮಾರಾಯ!" ಎಂದು ಕೂಗಿದ.
ಟೀಚರು ನಗಲಿಲ್ಲ. ಕಾಲು ಒತ್ತಿದರು.
ಒಂದು ಎಂಟು ನಾಲ್ಕು ಮೂರು,
ನನ್ನ ಬಲಗಾಲು
ನಾನೇ ಬೆಸೆದ ಆ ತಗಡಿನ ಮೇಲೆ
ಇಲ್ಲದ ಬ್ರೇಕನ್ನು ಹುಡುಕುತ್ತಲೇ ಇತ್ತು.